ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ, ಅದನ್ನು ಬಿಚ್ಚುವವನ ಮಾತು

ನನ್ನದು ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹೊಸ ಮಾಲು ಮಾರುವುದಿಲ್ಲ, ಹಾಗಾಗಿ ಯಾವ ಕಂಪನಿಯ ಹಂಗೂ ಇಲ್ಲ. ಆದರೂ ಜೂನ್‌ನಲ್ಲಿ ಕಾಲೇಜು ಶುರುವಾದಾಗ, ಆಮೇಲೆ ದಸರಾ-ದೀಪಾವಳಿ ಆಫರ್ ಬಂದಾಗ, ರಿಪೇರಿಗಿಂತ ಜಾಸ್ತಿ ಬರುವುದು ಇದೇ ಪ್ರಶ್ನೆ: “ಅಣ್ಣ, ಓಡಾಡೋಕೆ ಹಗುರ ಇರೋ ಲ್ಯಾಪ್‌ಟಾಪ್ ಯಾವ್ದು ತಗೊಳ್ಲಿ? ಬಜೆಟ್ ಐವತ್ತು.” ಜತೆಗೆ ಮೊಬೈಲ್ ಚಾಚುತ್ತಾರೆ. ಅದರಲ್ಲಿ ಮೂರ್ನಾಲ್ಕು ಸ್ಕ್ರೀನ್‌ಶಾಟ್. ಎಲ್ಲದರಲ್ಲೂ ಐ5 ಚಿಪ್ಪು, 16 ಜಿಬಿ ರ‍್ಯಾಮ್, 512 ಜಿಬಿ ಸ್ಟೋರೇಜು.

ಸ್ಕ್ರೀನ್‌ಶಾಟ್ ಆಮೇಲೆ ನೋಡೋಣ ಅಂತೀನಿ. ಮೊದಲು ನಾನು ಕೇಳುವುದು ಬೇರೆ. ದಿನಾ ಎಲ್ಲಿಂದ ಎಲ್ಲಿಗೆ ಹೊರಬೇಕು? ಬೈಕಾ, ಬಸ್ಸಾ? ಹೋದ ಕಡೆ ಪ್ಲಗ್ ಸಿಗುತ್ತಾ? ಅದಕ್ಕೆ ಏನೇನು ಚುಚ್ಚಬೇಕು? ಕನ್ನಡ ಟೈಪ್ ಮಾಡಬೇಕಾ?

ನನ್ನ ಲೆಕ್ಕ ಬಹಳ ಸರಳ. ಲ್ಯಾಪ್‌ಟಾಪ್‌ನಲ್ಲಿ ಆಮೇಲೆ ಬದಲಾಯಿಸಬಹುದಾದ ಭಾಗಗಳಿವೆ, ಬದಲಾಯಿಸಲಾಗದ ಭಾಗಗಳಿವೆ. ಎಸ್‌ಎಸ್‌ಡಿ (ಫೈಲು ಇಡುವ ಜಾಗ) ಸಣ್ಣದಾಯಿತಾ, ಹೆಚ್ಚಿನವಕ್ಕೆ ದೊಡ್ಡದು ಹಾಕಿಕೊಡುತ್ತೇನೆ, ಅರ್ಧ ಗಂಟೆ ಕೆಲಸ (ಮ್ಯಾಕ್‌ಬುಕ್ ಏರ್‌ಗೆ ಮಾತ್ರ ಆಗದು). ಬ್ಯಾಟರಿ ಸತ್ತರೆ ಹೊಸದು ಸಿಗುತ್ತದೆ. ಆದರೆ ತೂಕ, ಪರದೆಯ ಅಳತೆ, ಕೀಬೋರ್ಡಿನ ಹದ, ಹಿಂಜ್ (ಪರದೆಯ ಕೀಲು) ಕೂತಿರುವ ರೀತಿ, ಬೋರ್ಡಿಗೇ ಬೆಸೆದ ರ‍್ಯಾಮ್, ಪೋರ್ಟ್‌ಗಳು, ಇವು ಕೊಂಡ ದಿನ ಹೇಗಿದ್ದವೋ ಕೊನೆವರೆಗೂ ಹಾಗೇ. ದುಡ್ಡು ಕಮ್ಮಿ ಇದ್ದಾಗ ಮೊದಲು ಇವಕ್ಕೆ ಹಾಕಿ. ಒಂದು ಟಿಬಿ ಸ್ಟೋರೇಜು, ಬೆಳಗುವ ಕೀಬೋರ್ಡು, ಪುಕ್ಕಟೆ ಮೌಸು, ಇವೆಲ್ಲ ಆಮೇಲೆ.

ತೂಕ ಅಂದರೆ ಬ್ಯಾಗಿನ ತೂಕ

ಕಂಪನಿ ಬರೆಯುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. 15.6 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ 1.6ರಿಂದ 1.8 ಕೆಜಿ ಇರುತ್ತದೆ. 14 ಇಂಚಿನವು 1.3ರಿಂದ 1.5. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆಜಿ. ಇದರ ಮೇಲೆ ಅಡಾಪ್ಟರ್, ಅದಕ್ಕೆ ನಮ್ಮ ದಪ್ಪ ಮೂರು ಪಿನ್ನಿನ ವೈರ್. ಮಾಮೂಲಿ 65 ವ್ಯಾಟ್ ಅಡಾಪ್ಟರನ್ನೇ ವೈರ್ ಸಮೇತ ತಕ್ಕಡಿಗೆ ಹಾಕಿದರೆ ಮುನ್ನೂರು ಗ್ರಾಂ ಮೀರುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಕೇಳಲೇಬೇಡಿ. ಯಂತ್ರವೇ ಎರಡೂ ಕಾಲು ಕೆಜಿ, ಅಡಾಪ್ಟರ್ ಇನ್ನೊಂದು ಅರ್ಧ ಕೆಜಿ. “ಓದಿಗೂ ಆಯ್ತು, ಗೇಮಿಗೂ ಆಯ್ತು” ಅಂತ ಅದನ್ನು ಕೊಂಡ ಹುಡುಗರು ಎರಡನೇ ಸೆಮಿಸ್ಟರ್‌ಗೆ ಅದನ್ನು ರೂಮಲ್ಲೇ ಬಿಟ್ಟು ನೋಟ್‌ಬುಕ್ ಹಿಡಿದು ಹೋಗುತ್ತಾರೆ.

ನಮ್ಮಲ್ಲಿಗೆ ಬರುವ ಒಬ್ಬ ಅತಿಥಿ ಉಪನ್ಯಾಸಕರು ವಾರದಲ್ಲಿ ಎರಡು ಊರಿನ ಕಾಲೇಜಿಗೆ ಓಡಾಡುತ್ತಾರೆ. ತೀರ್ಥಹಳ್ಳಿ ಬಸ್ಸಲ್ಲಿ ಎಷ್ಟೋ ಸಲ ನಿಂತೇ ಪ್ರಯಾಣ. ಅವರ ಹತ್ತಿರ ಇದ್ದದ್ದು 15.6 ಇಂಚಿನದು. ನಂಬರ್ ಪ್ಯಾಡ್ ಇದೆ ಅಂತ ಅಂಗಡಿಯವನು ಕೊಡಿಸಿದ್ದ. ಲೆಕ್ಕಪತ್ರ ಬರೆಯುವವರಿಗೆ ನಂಬರ್ ಪ್ಯಾಡ್ ನಿಜಕ್ಕೂ ಬೇಕು. ಇವರು ಹೇಳುವುದು ಇತಿಹಾಸ. ನಂಬರ್ ಪ್ಯಾಡ್ ಇದ್ದರೆ ಅಕ್ಷರದ ಕೀಗಳೂ ಟಚ್‌ಪ್ಯಾಡೂ ಎಡಕ್ಕೆ ಸರಿದಿರುತ್ತವೆ, ಕೈ ಸೊಟ್ಟಗಿಟ್ಟು ಟೈಪ್ ಮಾಡಬೇಕು. ಸೀಟು ಸಿಕ್ಕಿದರೂ ಮುಂದಿನವರು ಸೀಟು ಹಿಂದಕ್ಕೆ ಒರಗಿಸಿದರೆ ಅಷ್ಟು ದೊಡ್ಡ ಪರದೆ ಪೂರ್ತಿ ತೆರೆಯುವುದೇ ಇಲ್ಲ. ಅವರಿಗೆ ನಾನು ಹೇಳಿದ್ದು 14 ಇಂಚು, ಒಂದೂವರೆ ಕೆಜಿ ಒಳಗೆ. ದಿನಾ ಹೊರುವ ಯಾರಿಗೇ ಆದರೂ ಅದನ್ನೇ ಹೇಳುತ್ತೇನೆ. ವಾರಕ್ಕೊಮ್ಮೆ ಊರಿಗೆ ಒಯ್ಯುವುದಾದರೆ 15.6 ಸಾಕು. ಅದೇ ಪ್ರೊಸೆಸರ್, ಅದೇ ರ‍್ಯಾಮ್ ಇದ್ದೂ 14ಕ್ಕಿಂತ ಅಗ್ಗಕ್ಕೆ ಸಿಗುವುದೇ ಜಾಸ್ತಿ.

13 ಇಂಚಿಗೆ ಇಳಿಯುವ ಮುಂಚೆ ಅಂಗಡಿಯಲ್ಲೇ ಒಂದು ಕನ್ನಡ ಪುಟ ತೆರೆದು ನೋಡಿ. ಇಂಗ್ಲಿಷ್ ಆರಾಮಾಗಿ ಓದಬಹುದಾದ ಅಳತೆಯಲ್ಲಿ ನಮ್ಮ ಒತ್ತಕ್ಷರಗಳು ಕಲಸಿಹೋಗುತ್ತವೆ. ಅಕ್ಷರ ದೊಡ್ಡದು ಮಾಡಲು ಸ್ಕೇಲಿಂಗನ್ನು 150%ಕ್ಕೆ ಏರಿಸಿದರೆ ಪುಟದಲ್ಲಿ ಕಾಣುವ ಸಾಲುಗಳು ಕಮ್ಮಿಯಾಗುತ್ತವೆ. ನಲವತ್ತು ದಾಟಿದವರಿಗೆ ಇದು ಚಿಕ್ಕ ವಿಷಯ ಅಲ್ಲ.

ಬ್ಯಾಟರಿಯ ಲೆಕ್ಕ ನೀವೇ ಮಾಡಬಹುದು

“12 ಗಂಟೆ ಬ್ಯಾಟರಿ” ಅಂತ ಪೆಟ್ಟಿಗೆ ಮೇಲೆ ಇರುವುದನ್ನು ಬಿಡಿ. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ, ಅಂದರೆ ವ್ಯಾಟ್ ಅವರ್ (Wh), ಎಷ್ಟು ಅಂತ ಹುಡುಕಿ. ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಅರ್ಧ ಬೆಳಕಿನಲ್ಲಿ ಟೈಪಿಂಗು, ಬ್ರೌಸಿಂಗು ಮಾಡುವಾಗ ಹೆಚ್ಚು ಕಡಿಮೆ 6ರಿಂದ 8 ವ್ಯಾಟ್ ಎಳೆಯುತ್ತದೆ. ವಿಡಿಯೊ ಮೀಟಿಂಗ್ ಅಂದರೆ 12–15. ಕಮ್ಮಿ ಬೆಲೆಯವುಗಳಲ್ಲಿ 41–42 ವ್ಯಾಟ್ ಅವರ್ ಬ್ಯಾಟರಿ ಇರುತ್ತದೆ. ಭಾಗಿಸಿ ನೋಡಿ. ಟೈಪಿಂಗಿಗೆ ಐದಾರು ಗಂಟೆ, ಮೀಟಿಂಗಿಗೆ ಮೂರು. ಅದೂ ಹೊಸದರಲ್ಲಿ. ಎರಡು ವರ್ಷ ಕಳೆದರೆ ಅದೂ ಇಳಿಯುತ್ತದೆ. ಪ್ಲಗ್ ಸಿಗದ ಕಡೆ ಇಡೀ ದಿನ ಕಳೆಯುವವರು 55 ವ್ಯಾಟ್ ಅವರ್‌ಗಿಂತ ಕೆಳಗೆ ಇಳಿಯಬೇಡಿ. ಮ್ಯಾಕ್‌ಬುಕ್ ಏರ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಚಿಪ್ ಎಳೆಯುವುದೇ ಕಮ್ಮಿ, ಐವತ್ತರ ಆಸುಪಾಸಿನ ಬ್ಯಾಟರಿಯಲ್ಲೇ ದಿನ ದೂಡುತ್ತದೆ.

ಒಂದು ಕೆಜಿಗಿಂತ ಹಗುರ ಅಂತ ಜಾಹೀರಾತು ಬಂದರೆ ಮೊದಲು ಬ್ಯಾಟರಿ ನೋಡಿ. ತೂಕ ಇಳಿಸಲು ಸುಲಭದ ದಾರಿ ಬ್ಯಾಟರಿ ಚಿಕ್ಕದು ಮಾಡುವುದು.

ಇನ್ನು ಚಾರ್ಜಿಂಗ್. ಟೈಪ್-ಸಿಯಲ್ಲಿ ಚಾರ್ಜ್ ಆಗುವಂಥದ್ದನ್ನೇ ತಗೊಳ್ಳಿ, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಉರುಟು ಪಿನ್ನಿನ ಚಾರ್ಜರ್ ಬಸ್ಸಲ್ಲಿ ಬಿಟ್ಟುಬಂದರೆ ಅದೇ ಅಳತೆಯದ್ದಕ್ಕೆ ಅಲೆಯಬೇಕು. ಟೈಪ್-ಸಿ ಆದರೆ ಒಂದು ಒಳ್ಳೆ 65 ವ್ಯಾಟ್ ಚಾರ್ಜರ್‌ನಲ್ಲಿ ಫೋನೂ ಆಯ್ತು, ಲ್ಯಾಪ್‌ಟಾಪೂ ಆಯ್ತು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಆಗ 45 ಅಥವಾ 65 ವ್ಯಾಟ್ ಕೊಡುವ ಪವರ್ ಬ್ಯಾಂಕ್ ಕೈ ಹಿಡಿಯುತ್ತದೆ. ಆದರೆ ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ. ಕೆಲವದರಲ್ಲಿ ಅದು ಬರೀ ಡೇಟಾಕ್ಕೆ. ವಿವರಗಳಲ್ಲಿ ‘ಪವರ್ ಡೆಲಿವರಿ’ ಅಂತ ಬರೆದಿರಬೇಕು. ಇಲ್ಲದಿದ್ದರೆ ಅಂಗಡಿಯಲ್ಲೇ ಒಂದು ಚಾರ್ಜರ್ ಚುಚ್ಚಿಸಿ ನೋಡಿ.

ಅಂದ ಹಾಗೆ, ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಕೈಗೆ ಜುಮ್ ಅನ್ನುತ್ತಾ? ಯಂತ್ರ ಕೆಟ್ಟಿದೆ ಅಂತ ತುಂಬಾ ಜನ ಹೊತ್ತು ತರುತ್ತಾರೆ. ಸಾಮಾನ್ಯವಾಗಿ ಕಾರಣ ಮನೆಯ ಪ್ಲಗ್ಗಿಗೆ ಅರ್ತಿಂಗ್ ಸರಿ ಇಲ್ಲದಿರುವುದು, ಇಲ್ಲವೇ ಎರಡು ಪಿನ್ನಿನ ಚಾರ್ಜರ್ ಬಳಸಿರುವುದು. ನನ್ನ ಬಳಿ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ.

ಹಿಂಜ್, ಹಿಂಜ್, ಹಿಂಜ್

ನನ್ನ ಟೇಬಲ್ ಮೇಲೆ ಬರುವ ಓಡಾಟದ ಲ್ಯಾಪ್‌ಟಾಪ್‌ಗಳಲ್ಲಿ ದೊಡ್ಡ ಪಾಲು ಹಿಂಜ್ ಮುರಿದವು. ಇದನ್ನು ಯಾವ ರಿವ್ಯೂನಲ್ಲೂ ಯಾರೂ ಬರೆಯುವುದಿಲ್ಲ, ಯಾಕೆಂದರೆ ಮುರಿಯುವುದು ಒಂದೂವರೆ ಎರಡು ವರ್ಷಕ್ಕೆ.

ಬಿಚ್ಚಿದರೆ ಕಾಣುವುದು ಇಷ್ಟು. ಹಿಂಜ್ ಗಟ್ಟಿ ಲೋಹದ್ದೇ. ಆದರೆ ಅದರ ಸ್ಕ್ರೂ ಕೂರುವುದು ಪುಟ್ಟ ಹಿತ್ತಾಳೆ ನಟ್‌ಗಳಲ್ಲಿ. ಆ ನಟ್‌ಗಳು ಹುದುಗಿರುವುದು ಕವಚದ ಪ್ಲಾಸ್ಟಿಕ್ ಗುಬಟಿನಲ್ಲಿ. ನೀವು ಪ್ರತಿ ಸಲ ಪರದೆಯ ಒಂದೇ ಮೂಲೆ ಹಿಡಿದು ಎತ್ತಿದಾಗ ಆ ಬದಿಯ ನಟ್‌ಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ಹಿಂಜ್ ತುಂಬಾ ಬಿಗಿ ಇದ್ದರೆ ಇನ್ನೂ ಜಾಸ್ತಿ. ಒಂದು ದಿನ ‘ಟಕ್’ ಅನ್ನುತ್ತದೆ. ಗುಬಟು ಸೀಳಿ ನಟ್ ಕಿತ್ತುಬರುತ್ತದೆ, ಕೀಬೋರ್ಡಿನ ಮೂಲೆಯಲ್ಲಿ ಕವಚ ಬಾಯಿ ಬಿಡುತ್ತದೆ. ಅದನ್ನು ಒತ್ತಿ ಒತ್ತಿ ಇನ್ನೂ ನಾಲ್ಕು ದಿನ ಬಳಸಿದರೆ ಪರದೆಯ ಕೇಬಲ್ ಜಜ್ಜಿಹೋಗುತ್ತದೆ, ಇಲ್ಲಾ ಪರದೆಯೇ ಸೀಳುತ್ತದೆ. ವಾರಂಟಿಗೆ ಹೋದರೆ “ಬೀಳಿಸಿದ್ದೀರಿ” ಅನ್ನುವ ಉತ್ತರ ಸಿಗುವುದು ಹೆಚ್ಚು. ನಾವು ಎಪಾಕ್ಸಿ ತುಂಬಿ ನಟ್ ಕೂರಿಸುತ್ತೇವೆ. ನಿಲ್ಲುತ್ತದೆ, ಆದರೆ ಮೊದಲಿನಂತಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಮುಚ್ಚಿದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮುಂದಿನ ಅಂಚಿನ ನಡುವೆ ಒಂದೇ ಬೆರಳಿಟ್ಟು ಎತ್ತಿ. ತಳ ಮೇಲೆದ್ದು ಬರದೆ ಪರದೆ ಮಾತ್ರ ನುಣ್ಣಗೆ ತೆರೆದರೆ ಹಿಂಜ್ ಹದವಾಗಿದೆ. ಅರ್ಧ ತೆರೆದು ಮೇಜನ್ನು ತಟ್ಟಿ, ಪರದೆ ತೂಗಾಡುತ್ತಾ ನೋಡಿ. ಆಮೇಲೆ ತೆರೆದ ಲ್ಯಾಪ್‌ಟಾಪನ್ನು ಕೈ ಇಡುವ ಜಾಗದ ಮೂಲೆ ಹಿಡಿದು ಎತ್ತಿ. ಕವಚ ಬಾಗಿ ಕಿರಗುಟ್ಟಿದರೆ ಬೈಕಿನ ಮೇಲೆ ದಿನಾ ಹೋಗುವುದಕ್ಕೆ ಅದು ಆಗಿಬರುವುದಿಲ್ಲ. ಕೀಬೋರ್ಡಿನ ಮಧ್ಯೆ ಬೆರಳಿಂದ ಒತ್ತಿ. ಅದು ಕುಸಿಯಬಾರದು. ಮಾರಾಟದ ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ ಬಿಡಿ, ದುಡ್ಡು ನಿಮ್ಮದು.

ಲೋಹದ ಮುಚ್ಚಳ ಇದ್ದರೆ ಗಟ್ಟಿ ಅಂದುಕೊಳ್ಳಬೇಡಿ. ಎಷ್ಟೋ ಸಲ ಮೇಲಿನ ಮುಚ್ಚಳ ಮಾತ್ರ ಅಲ್ಯೂಮಿನಿಯಂ, ಹಿಂಜ್ ಕೂತ ಕಡೆ ಪ್ಲಾಸ್ಟಿಕ್ಕೇ.

ಪರದೆ

ಕಮ್ಮಿ ಬೆಲೆಯವುಗಳಲ್ಲಿ 250 ನಿಟ್ಸ್ (ಬೆಳಕಿನ ಅಳತೆ), ಬಣ್ಣಕ್ಕೆ 45% ಎನ್‌ಟಿಎಸ್‌ಸಿ ಅಂತ ಇರುತ್ತದೆ. ಅಂಗಡಿಯೊಳಗೆ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಬಾಗಿಲ ಹತ್ತಿರ ಒಯ್ದು ಬಿಳಿ ಪುಟ ತೆರೆಯಿರಿ. ನಿಮ್ಮ ಮುಖವೇ ಕಂಡರೆ ಬಿಟ್ಟುಬಿಡಿ. ಕಿಟಕಿ ಪಕ್ಕ ಕೂತು ಕೆಲಸ ಮಾಡಲು 300 ನಿಟ್ಸ್ ಬೇಕು, ಜಗಲಿ ಮೇಲೆ ಕೂರುವುದಾದರೆ 400. ಫೋಟೊ, ಡಿಸೈನ್ ಮಾಡುವವರು ಬಣ್ಣಕ್ಕಾಗಿ ‘100% ಎಸ್‌ಆರ್‌ಜಿಬಿ’ ಅಂತ ಬರೆದಿರುವುದನ್ನೇ ನೋಡಿ. ಉಳಿದವರಿಗೆ ಅದು ಇದ್ದರೆ ಸಂತೋಷ, ಅಷ್ಟೇ. 1920×1080 ಬದಲು 1920×1200 ಇದ್ದರೆ ಪರದೆ ಸ್ವಲ್ಪ ಎತ್ತರ, ವರ್ಡ್‌ನಲ್ಲಿ ಮೂರ್ನಾಲ್ಕು ಸಾಲು ಜಾಸ್ತಿ ಕಾಣುತ್ತದೆ. ಬರೆಯುವವರಿಗೆ ಇದು ಒಳ್ಳೆಯದು.

ಚಿಪ್ಪು ಮತ್ತು ರ‍್ಯಾಮ್

ಇದರ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ಇದು ದೊಡ್ಡ ವಿಷಯ ಅಲ್ಲ. ಬರವಣಿಗೆ, ಎಕ್ಸೆಲ್, ಆನ್‌ಲೈನ್ ಕ್ಲಾಸು, ಟ್ಯಾಲಿ, ಇಷ್ಟಕ್ಕೆ ಇಂಟೆಲ್‌ನ ಈಗಿನ ಐ3 ಕೂಡ ಸಾಕು. ಕೋಡಿಂಗ್ ಮಾಡುವವರಿಗೆ ಐ5 ಅಥವಾ ರೈಜನ್ 5. ಓಡಾಟಕ್ಕೆ ಆದರೆ ಹೆಸರಿನ ಕೊನೆಯಲ್ಲಿ ‘ಯು’ ಇರುವಂಥದ್ದು ಒಳ್ಳೆಯದು. ‘ಎಚ್’ ಇದ್ದರೆ ಕಸುವು ಜಾಸ್ತಿ, ಬಿಸಿಯೂ ಜಾಸ್ತಿ, ಬ್ಯಾಟರಿ ಬೇಗ ಖಾಲಿ. ಸೆಲೆರಾನ್ ಚಿಪ್ಪು, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜು ಇರುವುದನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ವಿಂಡೋಸ್ ಅಪ್‌ಡೇಟಿಗೇ ಅದರಲ್ಲಿ ಜಾಗ ಸಾಲುವುದಿಲ್ಲ.

ರೈಜನ್ ಮಾಡುವ ಎಎಂಡಿ ಕಂಪನಿಯ ಚಿಪ್ಪುಗಳಲ್ಲಿ ಒಂದು ಹುಷಾರಿ ಬೇಕು. ರೈಜನ್ 5 7520ಯು, ರೈಜನ್ 5 7530ಯು ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊದಲನೆಯದರಲ್ಲಿ ನಾಲ್ಕು ಕೋರ್, ಹಳೆಯ ಜೆನ್ 2 ವಿನ್ಯಾಸ. ಎರಡನೆಯದರಲ್ಲಿ ಆರು ಕೋರ್, ಜೆನ್ 3. ಈ ಏಳು ಸಾವಿರದ ಸರಣಿಯಲ್ಲಿ ಮೂರನೇ ಅಂಕಿ ನೋಡಿದರೆ ತಲೆಮಾರು ಗೊತ್ತಾಗುತ್ತದೆ.

ರ‍್ಯಾಮ್ ವಿಷಯಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತೇನೆ. ವಿವರಗಳಲ್ಲಿ ‘ಎಲ್‌ಪಿಡಿಡಿಆರ್’ ಅಂತ ಇದ್ದರೆ ಸಾಮಾನ್ಯವಾಗಿ ಅದು ಬೋರ್ಡಿಗೇ ಬೆಸೆದದ್ದು. ನಾಳೆ ನನ್ನ ಹತ್ತಿರ ತಂದರೂ ಏನೂ ಮಾಡಲು ಬರುವುದಿಲ್ಲ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಹೀಗೇ. ಅಂಥದ್ದಾದರೆ ಕೊಳ್ಳುವಾಗಲೇ 16 ಜಿಬಿ. ‘ಒಂದು ಸ್ಲಾಟ್ ಖಾಲಿ’ ಅಂತ ಇದ್ದರೆ 8 ಜಿಬಿಯಲ್ಲಿ ಶುರು ಮಾಡಬಹುದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ, ಅದನ್ನೂ ಲೆಕ್ಕ ಹಾಕಿಯೇ ತೀರ್ಮಾನ ಮಾಡಿ.

ಏನೇನು ಚುಚ್ಚಬೇಕು, ಏನೇನು ಓಡಬೇಕು

ಹಗುರ ಅಂತ ಕೊಂಡು ಆಮೇಲೆ ಒದ್ದಾಡುವುದು ಇಲ್ಲೇ. ಟೆಂಡರ್ ಹಾಕುವ ಗುತ್ತಿಗೆದಾರರು, ಆಡಿಟರ್‌ಗಳು ಪೆನ್‌ಡ್ರೈವ್‌ನಂಥ ಡಿಜಿಟಲ್ ಸಹಿ ಟೋಕನ್ ಬಳಸುತ್ತಾರೆ. ಗ್ರಾಮ ಒನ್ ನಡೆಸುವವರಿಗೆ ಬೆರಳಚ್ಚಿನ ಯಂತ್ರ, ಪ್ರಿಂಟರ್. ಇವೆಲ್ಲ ಮಾಮೂಲಿ ಯುಎಸ್‌ಬಿಗೆ ಚುಚ್ಚುವಂಥವು. ಎರಡು ಟೈಪ್-ಸಿ ಬಿಟ್ಟು ಬೇರೆ ಏನೂ ಇಲ್ಲದ ಲ್ಯಾಪ್‌ಟಾಪ್ ಕೊಂಡರೆ ಜತೆಗೆ ಒಂದು ಹಬ್ ಹೊರಬೇಕು. ಪಾಠ ಮಾಡುವವರಿಗೆ ಪ್ರೊಜೆಕ್ಟರಿಗಾಗಿ ಎಚ್‌ಡಿಎಂಐ ಬೇಕೇ ಬೇಕು. ಹಳೆ ಕಾಲೇಜುಗಳಲ್ಲಿ ಇನ್ನೂ ನೀಲಿ ಬಣ್ಣದ ವಿಜಿಎ ವೈರ್ ನೇತಾಡುತ್ತಿರುತ್ತದೆ, ಅದಕ್ಕೊಂದು ಕನ್ವರ್ಟರ್ ಬ್ಯಾಗಲ್ಲಿರಲಿ.

2024ರ ಜೂನ್‌ನಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ. ಬ್ಯಾಟರಿ ಚೆನ್ನ, ಬಿಸಿ ಕಮ್ಮಿ. ಆದರೆ ಒಳಗಿರುವುದು ಆರ್ಮ್ ಚಿಪ್, ಫೋನ್‌ಗಳಲ್ಲಿರುವ ಜಾತಿಯದು, ಇಂಟೆಲ್ ಎಎಂಡಿಗಳಿಗಿಂತ ಬೇರೆ. ಹಳೆಯ ವಿಂಡೋಸ್ ಪ್ರೋಗ್ರಾಮುಗಳನ್ನು ಅದು ಹೇಗೋ ಓಡಿಸಿಕೊಳ್ಳುತ್ತದೆ. ಡ್ರೈವರ್‌ಗಳನ್ನು (ಚುಚ್ಚಿದ ಸಾಧನವನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ) ಮಾತ್ರ ಆರ್ಮ್‌ಗಾಗಿಯೇ ಬರೆದಿರಬೇಕು. ನಿಮ್ಮ ಟೋಕನ್ನಿಗೆ, ಬೆರಳಚ್ಚಿನ ಯಂತ್ರಕ್ಕೆ ಅಂಥ ಡ್ರೈವರ್ ಇದೆಯಾ ಅಂತ ಖಚಿತ ಮಾಡಿಕೊಳ್ಳದೆ ಮುಂದುವರಿಯಬೇಡಿ. ಬರೀ ಬ್ರೌಸರ್, ವರ್ಡ್ ಬಳಸುವವರಿಗೆ ತೊಂದರೆ ಇಲ್ಲ.

ಕನ್ನಡದ ಕೆಲಸ ಇರುವವರು ಇದನ್ನು ಗಮನಿಸಿ. ಯುನಿಕೋಡ್ ಟೈಪಿಂಗ್ ಈಗ ಎಲ್ಲ ಕಡೆ ಆಗುತ್ತದೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಕನ್ನಡ ಕೀಬೋರ್ಡ್ ಸುಮ್ನೆ ಆನ್ ಮಾಡಿದರೆ ಸಾಕು. ಆದರೆ ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲುಗಳು ರಾಶಿ ಇವೆ. ಆ ತಂತ್ರಾಂಶಗಳು ವಿಂಡೋಸಿಗೆ ಮಾಡಿದವು. ಕಚೇರಿಯಿಂದ ಅಂಥ ಫೈಲು ತಂದು ಮನೆಯಲ್ಲಿ ತಿದ್ದುವವರು ಮ್ಯಾಕ್‌ಬುಕ್ಕೋ ಕ್ರೋಮ್‌ಬುಕ್ಕೋ ಕೊಂಡರೆ ತೆರೆದಾಗ ಕಾಣುವುದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು. ಇಂಥವರಿಗೆ ಇಂಟೆಲ್ ಅಥವಾ ಎಎಂಡಿ ಇರುವ ವಿಂಡೋಸೇ ಸರಿ.

ದುಡ್ಡು ಎಷ್ಟಿದ್ದರೆ ಏನು

ಬೆಲೆ ವಾರವಾರ ಆಚೀಚೆ ಆಗುತ್ತದೆ, ಇದು ಅಂದಾಜು ಅಷ್ಟೇ. ಕೈಯಲ್ಲಿ ಎಪ್ಪತ್ತು ಎಂಬತ್ತು ಸಾವಿರ ಇದ್ದರೆ, ಕನ್ನಡ ಹಳೆ ಫಾಂಟ್, ಟೋಕನ್ ಗೋಜು ಇಲ್ಲದಿದ್ದರೆ, ಮ್ಯಾಕ್‌ಬುಕ್ ಏರ್ ಆಫರ್‌ನಲ್ಲಿ ಬರುವುದನ್ನು ಕಾಯಿರಿ. ಫ್ಯಾನ್ ಇಲ್ಲ, ಹಾಗಾಗಿ ಧೂಳು ಕಟ್ಟುವ ಕಾಟ ಇಲ್ಲ. ಐವತ್ತರಿಂದ ಅರವತ್ತೈದರೊಳಗೆ 14 ಇಂಚಿನ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಹುಡುಕಬಹುದು. ಅಲ್ಲಿ ಐ7ಗೆ ಕೊಡುವ ದುಡ್ಡನ್ನು ಪರದೆಗೂ ಬ್ಯಾಟರಿಗೂ ಕೊಡಿ. ನಲವತ್ತರ ಆಸುಪಾಸಿನಲ್ಲಿ ಹೊಸದು ಅಂದರೆ ಬಹುಪಾಲು 15.6 ಇಂಚಿನ ಪ್ಲಾಸ್ಟಿಕ್ ಮೈಯವು.

ಮೂವತ್ತರ ಒಳಗಾದರೆ ನಾನು ಹೊಸದರ ಕಡೆ ತಿರುಗಿಯೂ ನೋಡುವುದಿಲ್ಲ. ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್‌ಪಿ ರೋಡಿಗೆ ಲೋಡುಗಟ್ಟಲೆ ಬರುತ್ತವೆ, ಅಲ್ಲಿಂದ ನಮ್ಮ ಊರಿಗೂ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಮೂರೂ 14 ಇಂಚು. ಹಿಂಜ್ ಗಟ್ಟಿ, ಕೀಬೋರ್ಡ್ ಸೊಗಸು, ರ‍್ಯಾಮ್ ಬದಲಾಯಿಸಬಹುದು. ಟಿ480ಯಲ್ಲಂತೂ ಒಂದು ಬ್ಯಾಟರಿ ಒಳಗೆ, ಇನ್ನೊಂದು ಹೊರಗಿಂದಲೇ ಕಳಚಿ ಹಾಕುವಂಥದ್ದು. ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 7ನೇ ತಲೆಮಾರಿನವು ಬಹುತೇಕ ವಿಂಡೋಸ್ 11 ಹಾಕಬಹುದಾದವುಗಳ ಪಟ್ಟಿಯಲ್ಲಿಲ್ಲ.

ಹಳೆಯದು ಕೊಳ್ಳುವಾಗ ಸ್ಟಾರ್ಟ್ ಆಗುವ ಹೊತ್ತಿಗೆ ಬಯೋಸ್ (ವಿಂಡೋಸಿಗೂ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತಾ ನೋಡಿ. ಕೇಳಿದರೆ ವಾಪಸ್ ಕೊಟ್ಟು ಬನ್ನಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಅಂತ ಎರಡು ಅಂಕಿ ಇರುತ್ತದೆ. ಎರಡನೆಯದು ಮೊದಲನೆಯದರ ಮುಕ್ಕಾಲಿಗಿಂತ ಕಮ್ಮಿ ಇದ್ದರೆ ಹೊಸ ಬ್ಯಾಟರಿಯ ದುಡ್ಡು ಕಡಿತ ಮಾಡಿಸಿ. ಕೀಬೋರ್ಡಿನ ಪ್ರತಿ ಕೀ ಒತ್ತಿ, ಪ್ರತಿ ಯುಎಸ್‌ಬಿ ತೂತಿಗೂ ಒಂದು ಪೆನ್‌ಡ್ರೈವ್ ಚುಚ್ಚಿ.

ಹೊಸದೇ ಆದರೂ ಮನೆಗೆ ತಂದ ವಾರದಲ್ಲೇ ಇದನ್ನೆಲ್ಲ ಮಾಡಿ, ಪೆಟ್ಟಿಗೆ ಎಸೆಯಬೇಡಿ. ಆನ್‌ಲೈನ್‌ನಲ್ಲಿ ವಾಪಸಾತಿಯ ಗಡುವು ಚಿಕ್ಕದು. ಜಿಎಸ್‌ಟಿ ಬಿಲ್ ಇಲ್ಲದೆ ಎರಡು ಸಾವಿರ ಉಳಿಸುತ್ತೇನೆ ಅಂದರೆ ಬೇಡ ಅನ್ನಿ. ವಾರಂಟಿ ‘ಆನ್‌ಸೈಟ್’ ಅಂತ ಇದ್ದರೆ ನಿಮ್ಮ ಪಿನ್‌ಕೋಡಿಗೂ ಬರುತ್ತಾರಾ ಅಂತ ಕಂಪನಿಗೇ ಫೋನ್ ಮಾಡಿ ಕೇಳಿ. ಸಾಗರ, ಹೊಸನಗರದ ಒಳಗಿನ ಹಳ್ಳಿಯವರು ಇದನ್ನು ಕೊಳ್ಳುವ ಮುಂಚೆಯೇ ಕೇಳಬೇಕು. ಕೊನೆಗೆ, ತಳದಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಲ್ಲಿಂದ ಶುರುವಾಗಿದೆ ನೋಡಿ. ಕೆಲವು ಸಲ ಅದು ನೀವು ಕೊಂಡ ದಿನದಿಂದ ಅಲ್ಲ, ಗೋದಾಮಿನಿಂದ ಹೊರಟ ದಿನದಿಂದ ಎಣಿಕೆ ಆಗಿರುತ್ತದೆ. ಹಾಗಿದ್ದರೆ ಬಿಲ್ಲಿನ ಫೋಟೊ ಕಳಿಸಿ, ತಾರೀಖು ಸರಿ ಮಾಡಿಸಿಕೊಳ್ಳಿ.